ಒಂದೇ ಇಳಿಜಾರು, ಒಂದೇ ರೀಸ್ಲಿಂಗ್: 2018 ಮತ್ತು 2021ರ ವೈನ್ ಇಷ್ಟು ಬೇರೆ ಯಾಕೆ?

ವಸುಧಾ:
ಎಲ್ಲರಿಗೂ ನಮಸ್ಕಾರ. ಜರ್ಮನಿಯ ಮೋಸೆಲ್ ಕಣಿವೆಯ ಒಂದೇ ತೋಟದ ಎರಡು ರೀಸ್ಲಿಂಗ್ (ಬಿಳಿ ದ್ರಾಕ್ಷಿಯ ಒಂದು ತಳಿ) ವೈನ್ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡಿದೆ. ಎರಡೂ ಕಾಬಿನೆಟ್ ದರ್ಜೆಯವು (ಹಣ್ಣಿನ ಸಕ್ಕರೆ ನೋಡಿ ಕೊಡುವ ಜರ್ಮನ್ ದರ್ಜೆ). ಒಂದು 2018ರದ್ದು, ಇನ್ನೊಂದು 2021ರದ್ದು. ಬೆಳೆದವರು ಒಬ್ಬರೇ, ಇಳಿಜಾರೂ ಒಂದೇ. ಆದರೂ ಕುಡಿದಾಗ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು. 2018ರದ್ದು ಮೆತ್ತಗೆ, ಕಳಿತ ಪೀಚ್ ಹಣ್ಣಿನ ರುಚಿ. 2021ರಲ್ಲಿ ಚುರುಕಾದ ಹುಳಿ, ನಿಂಬೆ ಸಿಪ್ಪೆಯ ಘಮ. ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಲೇ ಇತ್ತು.

ಚಳಿ ಪ್ರದೇಶಗಳಲ್ಲಿ ಬಿಸಿಲು ಜಾಸ್ತಿ ಬಿದ್ದ ವರ್ಷವೇ ಒಳ್ಳೆಯ ವರ್ಷ ಅಂತ ಓದಿದ್ದೇನೆ. 2018 ಬಿಸಿಲಿನ ವರ್ಷ, 2021 ಮಳೆಯ ವರ್ಷ. ಆದರೆ ನನಗೆ ಹಿಡಿಸಿದ್ದು 2021. ಇದು ಬರೀ ನನ್ನ ರುಚಿಯ ವಿಷಯವಾ, ಇಲ್ಲ ಹವಾಮಾನದ ಲೆಕ್ಕವೇ ಬೇರೆ ಇದೆಯಾ? ತೋಟದಲ್ಲಿ ಕೆಲಸ ಮಾಡಿ ಗೊತ್ತಿರುವವರು ಇದ್ದರೆ ದಯವಿಟ್ಟು ಹೇಳಿ.

ಪ್ರಕಾಶ್ ಜಿ.:
ನೀವು ಓದಿದ್ದು ಹಿಂದಿನ ಕಾಲಕ್ಕೆ ಸರಿ, ವಸುಧಾ ಅವರೇ. ದಿನದ ಸರಾಸರಿ ತಾಪಮಾನ 10 ಡಿಗ್ರಿ ದಾಟಿದ ಮೇಲೆಯೇ ದ್ರಾಕ್ಷಿ ಬಳ್ಳಿ ಸರಿಯಾಗಿ ಬೆಳೆಯುವುದು. ಅದಕ್ಕೇ 10ರ ಮೇಲೆ ಎಷ್ಟು ಡಿಗ್ರಿ ಇತ್ತು ಅಂತ ದಿನಾ ಕೂಡಿಸುತ್ತಾ ಹೋಗಿ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮೊತ್ತ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅಮೆರೀನ್ ಮತ್ತು ವಿಂಕ್ಲರ್ 1944ರಲ್ಲಿ ಇದೇ ಲೆಕ್ಕ ಹಿಡಿದು ಪ್ರದೇಶಗಳನ್ನು ಐದು ವರ್ಗ ಮಾಡಿದರು. ಮೋಸೆಲ್, ಫ್ರಾನ್ಸಿನ ಶಾಂಪೇನ್ ಮತ್ತು ಶಾಬ್ಲಿ ಇವೆಲ್ಲ ತೀರಾ ತಂಪಿನ ಮೊದಲ ವರ್ಗದ ಜಾಗಗಳು ಅಂತಲೇ ಹೆಸರಾದವು. ಅಲ್ಲಿ ಮೊದಲೆಲ್ಲ ದ್ರಾಕ್ಷಿ ಪೂರ್ತಿ ಹಣ್ಣಾಗುವುದೇ ಅನುಮಾನವಾಗಿತ್ತು. ಬಿಸಿಲಿನ ವರ್ಷ ಬಂದರೆ ಸಂಭ್ರಮ.

ಈಗ ಹಾಗಿಲ್ಲ. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1354ರಿಂದ ಕೊಯ್ಲಿನ ದಿನಾಂಕಗಳು ಸಿಗುತ್ತವೆ. 1988ಕ್ಕೂ ಹಿಂದಿನ ಶತಮಾನಗಳಿಗೆ ಹೋಲಿಸಿದರೆ, ಆ ವರ್ಷದಿಂದೀಚೆಗೆ ಅಲ್ಲಿ ಕೊಯ್ಲು ಸರಾಸರಿ 13 ದಿನ ಮುಂಚೆ ಬರುತ್ತಿದೆ. ಹಣ್ಣಾಗುತ್ತದಾ ಅನ್ನುವ ಚಿಂತೆಯ ಜಾಗಕ್ಕೆ ಹುಳಿ ಉಳಿಯುತ್ತದಾ ಅನ್ನುವ ಚಿಂತೆ ಬಂದಿದೆ.

ಇಳಿಜಾರು:
ನಾನು ಮೋಸೆಲ್‌ನ ಒಂದು ಪುಟ್ಟ ತೋಟದಲ್ಲಿ ಕೆಲಸ ಮಾಡುತ್ತೇನೆ. ಚಾಟ್ನಿಯಿಂದ (ಬಳ್ಳಿ ಸವರುವುದು) ಕೊಯ್ಲಿನ ತನಕ ಎಲ್ಲ ಕೆಲಸ. ವಸುಧಾ ಅವರೇ, ನಿಮ್ಮ ನಾಲಿಗೆ ಸರಿಯಾಗೇ ಹೇಳಿದೆ. ಪ್ರಕಾಶ್ ಸರ್ ಬರೆದ ಶಾಖದ ಮೊತ್ತ ಉಪಯೋಗದ್ದೇ. ಆದರೆ ಆ ಶಾಖ ಯಾವ ವಾರ ಬಂತು ಅನ್ನುವುದನ್ನು ಮೊತ್ತ ಹೇಳಲ್ಲ. ಚಳಿ ಪ್ರದೇಶದ ವೈನಿಗೆ ಅದೇ ಮುಖ್ಯ. ನನ್ನನ್ನು ಕೇಳಿದರೆ ಜುಲೈಗಿಂತ ಸೆಪ್ಟೆಂಬರ್ ದೊಡ್ಡದು, ಹಗಲಿಗಿಂತ ರಾತ್ರಿ ದೊಡ್ಡದು.

ಯಾಕೆ ಅಂತ ಹೇಳುತ್ತೇನೆ. ಕಾಯಿ ಮೆತ್ತಗಾಗಲು ಶುರುವಾದಾಗ ಅದರೊಳಗೆ ಮುಖ್ಯವಾಗಿ ಎರಡು ಹುಳಿ ಇರುತ್ತವೆ. ಟಾರ್ಟಾರಿಕ್ ಆಮ್ಲ ಸುಲಭಕ್ಕೆ ಜಗ್ಗಲ್ಲ. ಮ್ಯಾಲಿಕ್ ಆಮ್ಲ, ಅಂದರೆ ಹಸಿರು ಸೇಬಿನಲ್ಲಿರುವ ಹುಳಿ, ಹಾಗಲ್ಲ. ಹಣ್ಣು ಉಸಿರಾಡುತ್ತಾ ಅದನ್ನು ಖರ್ಚು ಮಾಡುತ್ತದೆ. ಬಿಸಿ ಇದ್ದಷ್ಟೂ ಬೇಗ ಖಾಲಿ. ರಾತ್ರಿಯೂ ಸೆಕೆ ಇದ್ದರೆ ಈ ಖರ್ಚಿಗೆ ಬಿಡುವೇ ಇಲ್ಲ. ಎಲೆ ಸಕ್ಕರೆ ಮಾಡುವುದು ಹಗಲಲ್ಲಿ ಮಾತ್ರ. ಹಾಗಾಗಿ ಹಗಲು ಹದವಾದ ಬಿಸಿಲು, ರಾತ್ರಿ ಒಳ್ಳೆಯ ಚಳಿ ಸಿಕ್ಕರೆ ಸಕ್ಕರೆ ಏರುತ್ತಾ ಹೋಗುತ್ತದೆ, ಹುಳಿ ನಿಧಾನಕ್ಕೆ ಇಳಿಯುತ್ತದೆ, ಘಮ ಕೂಡಿಕೊಳ್ಳಲು ಸಮಯ ಸಿಗುತ್ತದೆ.

2018ರಲ್ಲಿ ಬೇಸಿಗೆ ಉದ್ದಕ್ಕೂ ಬಿಸಿ, ಮಳೆ ಕಡಿಮೆ. ಎಲ್ಲವೂ ಬೇಗ ಬೇಗ ಆಯಿತು. ಕಾಬಿನೆಟ್‌ಗೆ ಕನಿಷ್ಠ ಇಷ್ಟು ಸಕ್ಕರೆ ಇರಬೇಕು ಅಂತ ಕಾನೂನಿದೆ, ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಇಲ್ಲ. ಬಿಸಿಲಿನ ವರ್ಷ ಸಕ್ಕರೆ ಆ ಗೆರೆ ದಾಟಿ ಓಡಿಬಿಡುತ್ತದೆ. ನಿಮ್ಮ 2018ರ ಬಾಟಲಿ ಲೇಬಲ್‌ನಲ್ಲಿ ಕಾಬಿನೆಟ್ ಆಗಿದ್ದರೂ ರುಚಿಯಲ್ಲಿ ಅದರ ಮೇಲಿನ ಶ್ಪೇಟ್‌ಲೇಸೆ ದರ್ಜೆಗೆ ಹತ್ತಿರ ಇರಬಹುದು. 2021 ಪೂರ್ತಿ ಬೇರೆ. ವಸಂತದಲ್ಲಿ ಚಳಿ, ಚಿಗುರು ತಡ, ಹೂವೂ ತಡ. ಬೇಸಿಗೆಯಲ್ಲಿ ಮಳೆ ಬಿಡಲೇ ಇಲ್ಲ. ಡೌನಿ ಅನ್ನುವ ಬೂಷ್ಟು ರೋಗ ಎಲೆಗೂ ಬಂತು, ಗೊಂಚಲಿಗೂ ಬಂತು. ಇಳಿಜಾರು ಎಷ್ಟು ಕಡಿದು ಅಂದರೆ ಕೆಸರಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬೆಳೆ ಕಡಿಮೆಯಾಯಿತು. ಆದರೆ ಕೊನೆಗೆ ತಂಪಾದ, ಮಳೆ ಕಡಿಮೆಯಾದ ಶರತ್ಕಾಲ ಸಿಕ್ಕಿತು. ಉಳಿದ ಗೊಂಚಲುಗಳು ಅಕ್ಟೋಬರ್‌ವರೆಗೆ ಬಳ್ಳಿಯಲ್ಲೇ ನಿಂತು ಹಣ್ಣಾದವು. ನಿಮಗೆ ಸಿಕ್ಕಿದ್ದು ಆ ವಾರಗಳ ರುಚಿ.

ಇದನ್ನು ಕೈಯಲ್ಲೇ ನೋಡಬಹುದು. ಕೊಯ್ಲು ಹತ್ತಿರ ಬಂದಾಗ ಬೇರೆ ಬೇರೆ ಸಾಲಿನಿಂದ ಒಂದೊಂದು ಹಣ್ಣು ಕಿತ್ತು, ರಸವನ್ನು ರಿಫ್ರ್ಯಾಕ್ಟೋಮೀಟರ್‌ನ ಗಾಜಿನ ಮೇಲೆ ಹಿಂಡಿ, ಬೆಳಕಿಗೆ ಹಿಡಿದು ಸಕ್ಕರೆ ಎಷ್ಟು ಅಂತ ಓದುತ್ತೇವೆ. ಆಮೇಲೆ ಅದೇ ಸಾಲಿನ ಇನ್ನೊಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆ ಅಗಿಯಬೇಕು, ಬೀಜ ಉಗಿದು ಬಣ್ಣ ನೋಡಬೇಕು. ಬಿಸಿ ವರ್ಷಗಳಲ್ಲಿ ಎಷ್ಟೋ ಸಲ ಮಾಪಕ ಕೊಯ್ಲು ಮಾಡಿ ಅನ್ನುತ್ತದೆ, ಬೀಜ ಇನ್ನೂ ಹಸಿರಾಗೇ ಇರುತ್ತದೆ, ಸಿಪ್ಪೆ ಒಗರು. ತಂಪು ಶರತ್ಕಾಲದಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಬೀಜ ಕಂದು, ಸಿಪ್ಪೆ ಅಗಿದರೆ ಘಮ, ಹುಳಿಯೂ ಗಟ್ಟಿ. ಅಂಥ ಹಣ್ಣಿಗಾಗಿ ವರ್ಷವಿಡೀ ಕಾಯುತ್ತೇವೆ.

ಹಾಗಂತ ಮಳೆಯ ವರ್ಷವೆಲ್ಲ ಒಳ್ಳೆಯದಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದುಕೊಂಡರೆ ಹಣ್ಣು ಉಬ್ಬಿ ಬಿರಿದು ಕೊಳೆಯುತ್ತದೆ. ಇಂಗ್ಲೆಂಡಿನಲ್ಲಿ 2012 ಎಷ್ಟು ಕೆಟ್ಟಿತ್ತು ಅಂದರೆ, ಹೆಸರಾಂತ ನೈಟಿಂಬರ್‌ನವರು ಹಣ್ಣಿನ ಗುಣಮಟ್ಟ ಸಾಲದು ಅಂತ ಆ ವರ್ಷ ವೈನನ್ನೇ ಮಾಡಲಿಲ್ಲ. ನನಗೆ ಆ ತೀರ್ಮಾನದ ಬಗ್ಗೆ ತುಂಬಾ ಗೌರವ ಇದೆ.

ಮೊಹ್ಸಿನ್:
ಒಳ್ಳೆಯ ಚರ್ಚೆ. ಇಳಿಜಾರು ಸರ್, ಒಂದು ಅನುಮಾನ. ಶಾಬ್ಲಿಯಲ್ಲಿ ವಸಂತದ ಚಳಿಗೆ ಬಳ್ಳಿಯ ಮೇಲೆ ನೀರು ಚಿಮುಕಿಸಿ ಮಂಜುಗಡ್ಡೆ ಕಟ್ಟಿಸಿದ ಫೋಟೋ ನೋಡಿದೆ. ಚಳಿಯಿಂದ ಕಾಪಾಡಲು ಮಂಜುಗಡ್ಡೆ ಹೊದಿಸಿದರೆ ಚಿಗುರು ಸಾಯಲ್ವಾ?

ಇಳಿಜಾರು:
ಸಾಯಲ್ಲ ಮೊಹ್ಸಿನ್. ನೀರು ಗಡ್ಡೆ ಕಟ್ಟುವಾಗ ಶಾಖ ಬಿಡುತ್ತದೆ, ಒಂದು ಗ್ರಾಂಗೆ ಸುಮಾರು 80 ಕ್ಯಾಲೊರಿ. ಮೇಲೆ ಹೊಸ ನೀರು ಬೀಳುತ್ತಾ, ಗಡ್ಡೆ ಕಟ್ಟುತ್ತಾ ಇರುವ ತನಕ ಒಳಗಿನ ಚಿಗುರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಳೆ ಚಿಗುರಿಗೆ ಪೆಟ್ಟು ಬೀಳುವುದು ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗೆ ಹೋದಾಗ. ಆ ಒಂದೆರಡು ಡಿಗ್ರಿಯಲ್ಲೇ ಇಡೀ ವರ್ಷದ ಬೆಳೆ ನಿಂತಿರುತ್ತದೆ. ಹತ್ತಿರದಿಂದ ನೋಡಿದರೆ ಗಾಜಿನಂಥ ಗಡ್ಡೆಯೊಳಗೆ ಹಸಿರು ಚಿಗುರಿನ ಪ್ರತಿ ನರವೂ ಕಾಣುತ್ತದೆ. ಆದರೆ ಬಿಸಿಲೇರಿ ಗಡ್ಡೆ ಕರಗುವ ತನಕ ನೀರು ನಿಲ್ಲಿಸುವಂತಿಲ್ಲ. ಮಧ್ಯರಾತ್ರಿ ಪಂಪ್ ಕೆಟ್ಟರೆ ಒದ್ದೆ ಚಿಗುರು ಇನ್ನೂ ತಣ್ಣಗಾಗುತ್ತದೆ. ನೀರೇ ಹಾಕದ ಪಕ್ಕದ ತೋಟಕ್ಕಿಂತ ಜಾಸ್ತಿ ನಷ್ಟ ಆಗುತ್ತದೆ.

ಮೇಣದ ಡಬ್ಬಿ ಹಚ್ಚುವುದೂ ಇದೆ, ಒಂದು ಹೆಕ್ಟೇರಿಗೆ ನೂರಾರು ಬೇಕು. ದೊಡ್ಡ ಫ್ಯಾನ್ ಹಾಕುವವರೂ ಇದ್ದಾರೆ. ಗಾಳಿ ಇಲ್ಲದ ತಿಳಿ ರಾತ್ರಿ ತಣ್ಣನೆಯ ಗಾಳಿ ನೆಲಕ್ಕೆ ಇಳಿದು ಕೂರುತ್ತದೆ, ಬೆಚ್ಚಗಿನದು ಮೇಲಿರುತ್ತದೆ. ಫ್ಯಾನ್ ಎರಡನ್ನೂ ಕಲಸುತ್ತದೆ. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ಇವೆಲ್ಲ ಮಾಡಿದರೂ ಭಾರಿ ನಷ್ಟವಾಯಿತು. ಮಾರ್ಚ್ ಕೊನೆಯಲ್ಲಿ ಬಿಸಿ ಬಂದು ಬಳ್ಳಿ ಬೇಗ ಚಿಗುರಿತ್ತು, ಹಿಂದೆಯೇ ಕೊರೆಯುವ ಚಳಿ ಬಂತು. ಮೊದಲ ಚಿಗುರು ಹೋದರೆ ಪಕ್ಕದ ಮೊಗ್ಗು ಒಡೆಯುತ್ತದೆ. ಆದರೆ ಅದರಲ್ಲಿ ಗೊಂಚಲು ಕಡಿಮೆ, ಹಣ್ಣಾಗುವುದೂ ತಡ. ಒಂದೇ ಬಳ್ಳಿಯಲ್ಲಿ ಹಣ್ಣೂ ಕಾಯೂ ಒಟ್ಟಿಗೆ ನೇತಾಡುತ್ತವೆ.

ರಾಘವೇಂದ್ರ ಭಟ್:
ಎಲ್ಲ ಸರಿ, ಆದರೆ ಮೋಸೆಲ್ ಅಂದರೆ ಸ್ಲೇಟ್ ಕಲ್ಲು ಅಲ್ವಾ? ಹವಾಮಾನಕ್ಕಿಂತ ಮಣ್ಣೇ ರುಚಿ ಕೊಡುವುದು ಅಂತ ನನ್ನ ನಂಬಿಕೆ.

ಇಳಿಜಾರು:
ಭಟ್ಟರೇ, ಸ್ಲೇಟ್ ಮುಖ್ಯ ಅನ್ನುವುದನ್ನು ಒಪ್ಪುತ್ತೇನೆ. ಕಲ್ಲಿನ ರುಚಿ ಬೇರಿನಿಂದ ನೇರ ಬಾಟಲಿಗೆ ಬರುತ್ತದೆ ಅನ್ನುವುದನ್ನು ಒಪ್ಪಲ್ಲ. ಬೇರು ಎಳೆಯುವುದು ನೀರು ಮತ್ತು ಅದರಲ್ಲಿ ಕರಗಿದ ಲವಣ. ಸ್ಲೇಟಿನ ದೊಡ್ಡ ಕೆಲಸ ಹವಾಮಾನದ ಕೆಲಸವೇ. ಕಪ್ಪು ಚಪ್ಪಡಿ ಹಗಲಿಡೀ ಬಿಸಿಲು ಕುಡಿದು ಸಂಜೆ ಬಿಡುತ್ತದೆ. ಸೂರ್ಯ ಮುಳುಗಿದ ಮೇಲೂ ಅದರ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಮಳೆ ನೀರೂ ನಿಲ್ಲದೆ ಇಳಿದು ಹೋಗುತ್ತದೆ.

ಮೋಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಗುಡ್ಡದಲ್ಲಿ ಮಾತ್ರ ಬಿಸಿಲು ನೆಟ್ಟಗೆ ಬೀಳುತ್ತದೆ. ಬ್ರೆಮ್ ಹಳ್ಳಿಯ ಕಾಲ್ಮೊಂಟ್ ಇಳಿಜಾರು ಕೆಲವೆಡೆ 65 ಡಿಗ್ರಿಯಷ್ಟು ಕಡಿದು. ಅಲ್ಲಿ ಕೆಲಸ ಮಾಡುವುದು ಪ್ರಾಣಕ್ಕೆ ಬರುತ್ತದೆ, ಆದರೂ ಜನ ಬಿಟ್ಟಿಲ್ಲ. ನದಿಯ ಆಚೆ ದಡ, ಅದೇ ಸ್ಲೇಟ್, ಉತ್ತರ ಮುಖ: ಅಲ್ಲಿ ಹೆಚ್ಚಾಗಿ ಕಾಡು ಇದೆ, ಬಳ್ಳಿ ಇಲ್ಲ. ಮಣ್ಣೊಂದೇ ಸಾಕಾಗಿದ್ದರೆ ಅಲ್ಲೂ ನೆಡುತ್ತಿದ್ದರು.

ಪ್ರಕಾಶ್ ಜಿ.:
ಚಳಿಯೇ ಬೇಕಾದ ವೈನೂ ಒಂದಿದೆ, ಐಸ್‌ವೈನ್. ಜರ್ಮನಿಯಲ್ಲಿ ಮೈನಸ್ 7 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಹೋದಾಗ, ಬಳ್ಳಿಯಲ್ಲೇ ಗಡ್ಡೆ ಕಟ್ಟಿದ ಹಣ್ಣನ್ನು ಕೊಯ್ಯಬೇಕು. 2019ರ ಬೆಳೆಗೆ ಆ ಚಳಿ ಬರಲೇ ಇಲ್ಲ. ದೇಶದ 13 ವೈನ್ ಪ್ರದೇಶಗಳಲ್ಲಿ ಒಂದರಲ್ಲೂ ಕೊಯ್ಲು ಆಗಲಿಲ್ಲ ಅಂತ ಜರ್ಮನ್ ವೈನ್ ಇನ್‌ಸ್ಟಿಟ್ಯೂಟ್ 2020ರ ಮಾರ್ಚ್‌ನಲ್ಲಿ ಹೇಳಿತು.

ವಸುಧಾ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯದೊಂದು ಪ್ರಶ್ನೆ. ಎರಡೂ ವರ್ಷದ ಬಾಟಲಿ ಇನ್ನೂ ಇವೆ. ಯಾವುದನ್ನು ಇಡಲಿ, ಯಾವುದನ್ನು ತೆಗೆಯಲಿ?

ಇಳಿಜಾರು:
2018ರದ್ದನ್ನು ಮೊದಲು ತೆಗೆಯಿರಿ. ಹುಳಿ ಕಡಿಮೆ ಇರುವುದರಿಂದ ಈಗಲೇ ಚೆನ್ನಾಗಿದೆ, ಕಾದರೆ ಹೆಚ್ಚೇನೂ ಸಿಗಲ್ಲ. ಬಿಸಿಲು ಜಾಸ್ತಿ ಬಿದ್ದ ರೀಸ್ಲಿಂಗ್‌ನಲ್ಲಿ ಪೆಟ್ರೋಲ್‌ನಂಥ ವಾಸನೆಯೂ ಬೇಗ ಮೇಲೆ ಬರುತ್ತದೆ. ಕೆಲವರಿಗೆ ಅದು ಇಷ್ಟ, ನನಗೆ ಅಷ್ಟಾಗಿ ಇಲ್ಲ. 2021ರಲ್ಲಿ ಹುಳಿಯೂ ಇದೆ, ಅದಕ್ಕೆ ಜೊತೆಯಾಗಿ ಉಳಿದ ಸಕ್ಕರೆಯೂ ಇದೆ. ತಂಪಾದ ಕತ್ತಲೆ ಜಾಗದಲ್ಲಿ ಮಲಗಿಸಿಡಿ. ಹತ್ತು ವರ್ಷ ಆರಾಮಾಗಿ ಇರುತ್ತದೆ.