ಟೀಪಾಟ್ ತಳದಲ್ಲಿ ನೀರು ಜಿನುಗುತ್ತಿದೆ: ಕುಂಬಾರಣ್ಣನ ಜೊತೆ ಪ್ರಶ್ನೋತ್ತರ

ಧಾರವಾಡದ ಚಹಾಪ್ರೇಮಿ: ನಮಸ್ಕಾರ ಕುಂಬಾರಣ್ಣ. ಜಾತ್ರೆಯಲ್ಲಿ ಕೆಂಪು ಮಣ್ಣಿನ ಟೀಪಾಟ್ ತಗೊಂಡೆ. ಚಹಾ ಹಾಕಿ ಹತ್ತು ನಿಮಿಷಕ್ಕೆ ಮೇಜಿನ ಮೇಲೆ ಬಳೆ ಹಾಗೆ ಒದ್ದೆ. ಬಿರುಕು ಕಾಣುತ್ತಿಲ್ಲ. ಮೋಸ ಹೋದೆನಾ?

ಕುಂಬಾರಣ್ಣ: ಮೋಸ ಇಲ್ಲ ಸರ್. ಬೆವರುವುದು ಬೇರೆ, ಸೋರುವುದು ಬೇರೆ. ಸೌದೆ, ಹುಲ್ಲು ಹಾಕಿ ಸುಡುವ ಆವಿಗೆಯಲ್ಲಿ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಮಣ್ಣು ಗಟ್ಟಿಯಾಗುತ್ತದೆ, ಆದರೆ ಒಳಗಿನ ಸಣ್ಣ ತೂತುಗಳು ಮುಚ್ಚುವುದಿಲ್ಲ. ಹೂಜಿಯ ನೀರು ತಣ್ಣಗಾಗುವುದು ಅವುಗಳಿಂದಲೇ. ಸ್ಟೋನ್‌ವೇರ್ ಅನ್ನುವ ಗಟ್ಟಿ ಮಣ್ಣಿನ ಪಾತ್ರೆಯನ್ನು 1200 ಡಿಗ್ರಿ ದಾಟಿಸಿ ಸುಡುತ್ತಾರೆ, ಅದಕ್ಕೇ ಅದು ಬೆವರುವುದಿಲ್ಲ.

ಪಾಟ್ ಪೂರ್ತಿ ಒಣಗಿಸಿ, ಹೊರಮೈಗೆ ತೆಳ್ಳಗೆ ಬೂದಿ ಸವರಿ, ತಣ್ಣೀರು ತುಂಬಿ ನೋಡಿ. ಎಲ್ಲ ಕಡೆ ಸಮ ಒದ್ದೆಯಾದರೆ ಬೆವರು. ಒಂದೇ ಗೆರೆಯಲ್ಲಿ ಒದ್ದೆಯಾದರೆ ಬಿರುಕು. ಮೂತಿಯ ಬುಡ ಮೊದಲು ನೋಡಿ. ತಿಗರಿಯ ಮೇಲೆ ಬರುವುದು ಹೊಟ್ಟೆ ಮಾತ್ರ, ಮೂತಿಯನ್ನು ಆಮೇಲೆ ಕೆಸರು ಹಚ್ಚಿ ಕೂರಿಸುತ್ತೇವೆ. ಬೆರಳಲ್ಲಿ ತಟ್ಟಿ ಕೂಡ ನೋಡಿ. ಠಣ್ ಅಂದರೆ ಸರಿ, ಡಬ್ ಅಂದರೆ ಒಡೆದಿದೆ.

ಬೆವರಾದರೆ ಗಂಜಿ. ಒಂದು ದಿನ ನೀರಲ್ಲಿ ನೆನೆಸಿ. ದೊಡ್ಡ ಪಾತ್ರೆಯಲ್ಲಿ ತೆಳು ಅಕ್ಕಿಗಂಜಿ ಇಟ್ಟು, ತಣ್ಣಗಿರುವಾಗಲೇ ಟೀಪಾಟ್ ಮುಳುಗಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ. ರಾತ್ರಿ ಹಾಗೇ ಬಿಡಿ. ತೊಳೆದು ಎರಡು ದಿನ ನೆರಳಲ್ಲಿ ಒಣಗಿಸಿ. ಗಂಜಿಯ ಪಿಷ್ಟ ತೂತುಗಳಲ್ಲಿ ಕೂತು ಉಬ್ಬಿಕೊಳ್ಳುತ್ತದೆ. ಎರಡು ಮೂರು ಸಲ ಮಾಡಬೇಕಾಗಬಹುದು. ಶಾಶ್ವತ ಅಲ್ಲ.

ಹಾಸನದ ಅಡುಗೆಮನೆ: ಅಣ್ಣ, ಗಂಜಿ ಬದಲು ಹಾಲು ಕಾಯಿಸಬಹುದಾ?

ಕುಂಬಾರಣ್ಣ: ಆಗುತ್ತದೆ. ಸರಿಯಾಗಿ ಒಣಗಿಸದಿದ್ದರೆ ಹುಳಿ ವಾಸನೆ ಬರುತ್ತದೆ. ನಾನು ಗಂಜಿಯೇ ಅಂತೀನಿ.

ಮಲೆನಾಡ ಗೃಹಿಣಿ: ನಮ್ಮತ್ತೆ ಅಕ್ಕಚ್ಚಲ್ಲೇ ಮೂರು ದಿನ ನೆನೆಸುತ್ತಿದ್ದರು. ಹಾಲು ಎಲ್ಲ ಪೇಟೆಯವರ ಶೋಕಿ.

ಹಾಸನದ ಅಡುಗೆಮನೆ: ಪೇಟೆ ಏನು ಬಂತು ಇಲ್ಲಿ? ನಮ್ಮ ಮನೆಯಲ್ಲೇ ಎರಡು ಹಸು ಇದೆ ಅಕ್ಕ.

ಬೆಂಗಳೂರು ಟೆಕ್ಕಿ: ಚೀನಾದ ಈಶಿಂಗ್ ಟೀಪಾಟ್ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದೆಯೂ ಜಿನುಗುವುದಿಲ್ಲ. ನಮ್ಮವರಿಗೆ ಯಾಕೆ ಬರುವುದಿಲ್ಲ?

ಕುಂಬಾರಣ್ಣ: ಅವರ ಮಣ್ಣು ಬೇರೆ, ಸುಡುವ ಶಾಖ ನಮಗಿಂತ ಎಷ್ಟೋ ಜಾಸ್ತಿ. ನಮ್ಮ ಕೆರೆಮಣ್ಣನ್ನು ಅಷ್ಟು ಸುಟ್ಟರೆ ಸೊಟ್ಟಗಾಗಿ ಕರಗುತ್ತದೆ. ಬರುವುದಿಲ್ಲ ಅಂತಲ್ಲ.

ಹುಬ್ಬಳ್ಳಿ ಹೈದ: ಫಾರ್ವರ್ಡ್ ಆಗಿ ಬಂದಿದೆ: "ಮೊಟ್ಟೆ ಬಿಳಿಗೆ ಸುಣ್ಣ ಕಲಸಿ ಒಳಗೆ ಹಚ್ಚಿ, ಜನ್ಮದಲ್ಲಿ ಸೋರುವುದಿಲ್ಲ. ಎಲ್ಲರಿಗೂ ಕಳಿಸಿ."

ಕುಂಬಾರಣ್ಣ: ಯಾರಿಗೂ ಕಳಿಸಬೇಡಿ. ಸುಣ್ಣದ ಚಹಾ ಕುಡಿಯುತ್ತೀರಾ?

ಶಿರಸಿಯ ಮಗಳು: ಸರ್, ನಮ್ಮದು ಸ್ವಲ್ಪ ಬೇರೆ. ಅಪ್ಪನಿಗೆ ಯಾರೋ ಕೊಟ್ಟ ಹಳೆಯ ಟೀಪಾಟ್. ಒಳಗೂ ಹೊರಗೂ ಹೊಳೆಯುವ ಕಿತ್ತಳೆ ಬಣ್ಣ. ಒಳಗೆ ಜೇಡರ ಬಲೆಯಂತೆ ಸಣ್ಣ ಗೆರೆ. ತಳ ಜಿನುಗುತ್ತದೆ. ಅಪ್ಪ ದಿನಾ ಅದರಲ್ಲೇ ಲಿಂಬೆ ಚಹಾ, ಪುನರ್ಪುಳಿ ಕಷಾಯ ಕುಡಿಯುತ್ತಾರೆ. ಗಂಜಿ ಸಾಕಾ?

ಕುಂಬಾರಣ್ಣ: ಅಮ್ಮಾ, ಗಂಜಿ ಮಾತು ಬಿಡಿ. ಮೊದಲು ಅದರಲ್ಲಿ ಕುಡಿಯುವುದು ನಿಲ್ಲಿಸಿ. ಇವತ್ತೇ.

ಕಡಿಮೆ ಶಾಖದ ಮಣ್ಣಿನ ಮೇಲೆ ಅಷ್ಟು ಹೊಳಪು ಬರಿಸಲು ಹಿಂದೆ ಸೀಸದ, ಅಂದರೆ ಲೆಡ್ ಎಂಬ ವಿಷದ ಲೋಹದ ಗ್ಲೇಜ್ ಹಾಕುತ್ತಿದ್ದರು. ಸೀಸ ಬೇಗ ಕರಗುತ್ತದೆ, ಗಾಜಿನಂತೆ ಹರಡುತ್ತದೆ, ಬಣ್ಣ ಎದ್ದು ಕಾಣುತ್ತದೆ. ನಿಮ್ಮದು ಅದೇ ಅಂತ ಫೋಟೋ ನೋಡಿ ಯಾರೂ ಹೇಳಲಾರರು. ಆದರೆ ಹಳೆಯದು, ಕಿತ್ತಳೆ ಬಣ್ಣ, ಬಿರಿದ ಗ್ಲೇಜ್, ಮೇಲೆ ಹುಳಿ, ಅದೂ ಬಿಸಿ. ನನಗೆ ಇದರಲ್ಲಿ ಒಂದೂ ಸರಿ ಕಾಣುತ್ತಿಲ್ಲ. ಸೀಸದ ಗ್ಲೇಜ್ ಆಗಿದ್ದರೆ ಹುಳಿ ಅದನ್ನು ಕುಡಿಯುವ ನೀರಿಗೆ ಇಳಿಸುತ್ತದೆ. ರುಚಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಆ ಗೆರೆಗಳಿಂದಲೇ ನೀರು ಒಳಗಿನ ಮಣ್ಣಿಗೆ ಇಳಿದು ತಳದಲ್ಲಿ ಬರುತ್ತಿದೆ. ಜಿನುಗದೇ ಇದ್ದಿದ್ದರೆ ನೀವು ಕೇಳುತ್ತಲೇ ಇರಲಿಲ್ಲ, ಅಲ್ವಾ?

ಮನೆಯಲ್ಲಿ ವಿನೆಗರ್ ಹಾಕಿ ಪರೀಕ್ಷೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಪ್ರಯೋಗಾಲಯಕ್ಕೆ ಕೊಡಿ. ಅಪ್ಪನಿಗೆ ಎಷ್ಟು ವರ್ಷದ ಅಭ್ಯಾಸ? ಹೊಟ್ಟೆನೋವು, ಮಲಬದ್ಧತೆ, ಸುಸ್ತು ಇದೆಯಾ? ಇರಲಿ ಬಿಡಲಿ, ಡಾಕ್ಟರಿಗೆ ವಿಷಯ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬಸುರಿಯರಿದ್ದರೆ ಅವರು ಮುಟ್ಟಲೇಬಾರದು.

ಶಿರಸಿಯ ಮಗಳು: ಐದಾರು ವರ್ಷ ಆಯಿತು ಸರ್. ಸುಸ್ತು ಅಂತಾರೆ, ವಯಸ್ಸು ಅಂದುಕೊಂಡಿದ್ದೆವು. ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ಹುಬ್ಬಳ್ಳಿ ಹೈದ: ಸುಮ್ನೆ ಹೆದರಿಸಬೇಡಿ. ನಮ್ಮಜ್ಜ ಮಣ್ಣಿನ ಪಾತ್ರೆಯಲ್ಲೇ ಉಂಡು ತೊಂಬತ್ತು ದಾಟಿದರು.

ಕುಂಬಾರಣ್ಣ: ನಿಮ್ಮಜ್ಜ ಉಂಡದ್ದು ಗ್ಲೇಜ್ ಇಲ್ಲದ ಮಡಿಕೆಯಲ್ಲಿ. ಮಡಿಕೆ ಮಾಡುವವನೇ ಹೇಳುತ್ತಿದ್ದೇನೆ, ಸ್ವಲ್ಪ ಕೇಳಿ.

ಮಂಗಳೂರು ಮೀನು: ಉತ್ತರ ಪ್ರದೇಶದ ಖುರ್ಜಾದಲ್ಲಿ ಮಾಡುವ ಪಿಂಗಾಣಿ ಕಪ್ ಮೈಕ್ರೋವೇವ್‌ನಲ್ಲಿ ಇಡಬಹುದಾ?

ತುಮಕೂರು ತೋಟ: ನನ್ನ ಟೀಪಾಟ್ ಕೂಡ ಜಿನುಗುತ್ತದೆ. ಏನು ಮಾಡಲಿ?

ಕುಂಬಾರಣ್ಣ: ಮೇಲೆ ಇದೆ.

ತುಮಕೂರು ತೋಟ: ಮೇಲೆ ಎಲ್ಲಿ?

ಮಲೆನಾಡ ಗೃಹಿಣಿ: ಮೊದಲ ಉತ್ತರ. ಆದರೆ ಅಕ್ಕಚ್ಚೇ ಸಾಕು.

ಹಾಸನದ ಅಡುಗೆಮನೆ: ಮತ್ತೆ ಶುರು.

ಬೆಂಗಳೂರು ಟೆಕ್ಕಿ: ಒಳಗೆ ಜೇನುಮೇಣ ಕರಗಿಸಿ ಸುತ್ತಿಸಿದರೆ? ವೀಡಿಯೊದಲ್ಲಿ ನೋಡಿದೆ.

ಕುಂಬಾರಣ್ಣ: ಹೂವಿನ ಕುಂಡಕ್ಕೆ ಸುತ್ತಿಸಿ. ಜೇನುಮೇಣ 65 ಡಿಗ್ರಿಯೊಳಗೆ ಕರಗುತ್ತದೆ, ಚಹಾ ಸುರಿಯುವುದು 90ರಲ್ಲಿ. ಮೇಣ ಕಪ್ಪಿಗೆ ಬರುತ್ತದೆ. ಎಂ-ಸೀಲ್, ವಾರ್ನಿಷ್, ಸಿಮೆಂಟ್ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ: ಬೇಡ, ಬೇಡ, ಬೇಡ.

ಕೋಲಾರದ ಟೊಮೆಟೊ: ಹೊರಗೆ ಬಿಳಿ ಪುಡಿ ಬರುತ್ತಿದೆ ಅಣ್ಣ, ಬೂಷ್ಟಾ?

ಕುಂಬಾರಣ್ಣ: ಬೋರ್‌ವೆಲ್ ನೀರಾ? ಹಾಗಾದರೆ ಬಹುಶಃ ಉಪ್ಪು. ನೀರು ಆರಿ ಉಪ್ಪು ಹೊರಗೆ ಉಳಿಯುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ. ಹತ್ತಿಯಂತೆ ಮೆತ್ತಗಿದ್ದು ವಾಸನೆ ಬಂದರೆ ಬೂಷ್ಟು. ಸೋಪು ಹಾಕಬೇಡಿ, ಮಣ್ಣು ಕುಡಿದುಬಿಡುತ್ತದೆ.

ಹುಬ್ಬಳ್ಳಿ ಹೈದ: ಹೊಸ ಫಾರ್ವರ್ಡ್: "ಒಳಗೆ ಫೆವಿಕಾಲ್ ಹಚ್ಚಿ ಬಿಸಿಲಿಗೆ"

ಕುಂಬಾರಣ್ಣ: ಅಡ್ಮಿನ್ ಅವರೇ, ಇವರನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ನಾನು ತಿಗರಿ ಹತ್ತಿರ ಹೋಗುತ್ತೇನೆ, ಅಲ್ಲಿ ಮಣ್ಣು ಎದುರು ಮಾತಾಡುವುದಿಲ್ಲ.

ಶಿರಸಿಯ ಮಗಳು: ಸರ್, ರಕ್ತ ಕೊಟ್ಟು ಬಂದೆವು, ರಿಪೋರ್ಟ್ ಬಂದಿಲ್ಲ. ಅಪ್ಪನಿಗೆ ಟೀಪಾಟ್ ಬಿಸಾಡಲು ಮನಸ್ಸಿಲ್ಲ. ಅದರಲ್ಲಿ ತುಳಸಿ ನೆಡಲಾ ಅಂತಾರೆ.

ಕುಂಬಾರಣ್ಣ: ತುಳಸಿ ಎಲೆ ಬಾಯಿಗೆ ಹಾಕುತ್ತೀರಲ್ವಾ? ಬೇಡ. ಪೆನ್ನು ಇಡಲಿ.

ತುಮಕೂರು ತೋಟ: ಗಂಜಿಗೆ ಉಪ್ಪು ಹಾಕಬೇಕಾ?