ಬೇಸಿಗೆಯ ಶನಿವಾರ, ಭಾನುವಾರ ಬೆಂಗಳೂರಿನಲ್ಲಿ: ಮಕ್ಕಳು ಮತ್ತು ಹಿರಿಯರೊಂದಿಗೆ ಎಲ್ಲಿಗೆ ಹೋಗಬಹುದು?

ಧಾರವಾಡದಿಂದ:
ಏಪ್ರಿಲ್ ಮೂರನೆಯ ವಾರದ ಕೊನೆಯಲ್ಲಿ ನಾವು ಐವರು ಬೆಂಗಳೂರಿಗೆ ಬಂದು ಜಯನಗರದ ಬಂಧುಗಳ ಮನೆಯಲ್ಲಿ ಎರಡು ದಿನ ಉಳಿಯುವವರಿದ್ದೇವೆ. ಮಕ್ಕಳಿಗೆ ಎಂಟು ಮತ್ತು ಹನ್ನೊಂದು ವರ್ಷ. ಎಪ್ಪತ್ತೆರಡರ ತಂದೆಯವರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು. ಹಿಂದಿನ ಸಲ ಬನ್ನೇರುಘಟ್ಟ, ಅರಮನೆ, ಮಾಲ್ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟು, ನೋಡಿದ್ದಕ್ಕಿಂತ ಕಾರಿನಲ್ಲಿ ಕುಳಿತದ್ದೇ ಹೆಚ್ಚಾಯಿತು. ಈ ಬಾರಿ ಮಕ್ಕಳು ನಂದಿಬೆಟ್ಟವೆಂದು ಹಟ ಹಿಡಿದಿದ್ದಾರೆ. ಹೋಗುವುದು ಸೂಕ್ತವೇ?

ಬಸವನಗುಡಿ ನಿವಾಸಿ:
ನಂದಿಬೆಟ್ಟವನ್ನು ಈ ಸಲ ಬಿಡಿ. ಜಯನಗರದಿಂದ ಊರಿನ ಇನ್ನೊಂದು ತುದಿಯನ್ನು ದಾಟಿ ಹೋಗಬೇಕು, ರಜೆಯ ದಿನಗಳಲ್ಲಿ ಬೆಟ್ಟದ ಬುಡದಲ್ಲಿಯೇ ವಾಹನಗಳ ಸಾಲು ನಿಂತಿರುತ್ತದೆ. ನೀವು ಉಳಿಯುವ ಮನೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೇ ಒಂದು ದಿನಕ್ಕೆ ಸಾಕಾಗುವಷ್ಟಿದೆ.

ಶನಿವಾರ ಆರೂವರೆಗೆಲ್ಲ ಲಾಲ್‌ಬಾಗ್ ಸೇರಿಕೊಳ್ಳಿ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟವೆಂಬುದು ಮಕ್ಕಳ ಪಠ್ಯದಲ್ಲಿಯೇ ಇದ್ದೀತು. ಅವರಿಗೆ ತೋರಿಸಬೇಕಾದದ್ದು ಕೆಂಪೇಗೌಡ ಗೋಪುರವಿರುವ ಬಂಡೆಯನ್ನು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೆಳಿಗ್ಗೆ ಅಂಗೈ ಇಟ್ಟರೆ ತಣ್ಣಗಿರುವ ಆ ಕಲ್ಲು ಹನ್ನೊಂದರ ಹೊತ್ತಿಗೆ ಬರಿಗಾಲಿಡಲಾಗದಷ್ಟು ಕಾದಿರುತ್ತದೆ. ತಂದೆಯವರು ಬಂಡೆ ಹತ್ತಬೇಕಿಲ್ಲ, ಗಾಜಿನಮನೆಯ ಸುತ್ತಲಿನ ನೆರಳಿನಲ್ಲಿ ಕುಳಿತಿರಲಿ. ಬಳಿಕ ಗಾಂಧಿ ಬಜಾರಿನಲ್ಲಿ ತಿಂಡಿ. 1943ರ ವಿದ್ಯಾರ್ಥಿ ಭವನದಲ್ಲಿ ಕಾಯಲೇಬೇಕಾಗುತ್ತದೆ, ಆದರೆ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯನ್ನು ಕಂಡ ಮೇಲೆ ಮಕ್ಕಳು ಕಾದದ್ದನ್ನು ಮರೆಯುತ್ತಾರೆ. ಮಧ್ಯಾಹ್ನ ಮನೆಗೆ ಮರಳಿ ಮಲಗಿ. ಸಂಜೆ ದೊಡ್ಡ ಬಸವಣ್ಣನ ದರ್ಶನ ಮುಗಿಸಿ, ಪಕ್ಕದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಕತ್ತಲಾಗುವವರೆಗೆ ಕುಳಿತರೆ, ದಿನವಿಡೀ ಮರಗಳಲ್ಲಿ ಜೋತುಬಿದ್ದಿದ್ದ ಬಾವಲಿಗಳು ಒಂದೊಂದಾಗಿ ಹಾರುವುದು ಕಾಣುತ್ತದೆ. ನಮ್ಮ ಮನೆಗೆ ಬಂದ ಮಕ್ಕಳೆಲ್ಲ ಊರಿಗೆ ಹೋಗಿ ಹೇಳಿದ್ದು ಅದನ್ನೇ, ದೋಸೆಯನ್ನಲ್ಲ.

ಹಸಿರು ಮಾರ್ಗದ ಪ್ರಯಾಣಿಕ:
ಭಾನುವಾರಕ್ಕೆ ಕಾರು ಬೇಡ. ಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಲಿಫ್ಟ್ ಇರುವುದರಿಂದ ಹಿರಿಯರಿಗೆ ತೊಂದರೆಯಿಲ್ಲ. ಬಿಸಿಲೇರಿದ ಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ನಡೆಯಿರಿ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯಿದೆ. ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವ ಯಂತ್ರಗಳ ಮುಂದೆ ಹನ್ನೊಂದು ವರ್ಷದವರನ್ನು ಎಬ್ಬಿಸುವುದೇ ಕಷ್ಟ. ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳೂ ಇರುತ್ತವೆ, ಆದರೆ ಎರಡನ್ನೂ ಒಂದೇ ದಿನ ಮಾಡಿದರೆ ನಿಮ್ಮ ಹಿಂದಿನ ಪ್ರವಾಸವೇ ಮರುಕಳಿಸೀತು.

ಚಾಮರಾಜಪೇಟೆ:
ತಂದೆಯವರಿಗೆ ಸಂಗೀತದ ಒಲವಿದ್ದರೆ, ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವವನ್ನು ಮರೆಯಬೇಡಿ. ಅದು ಹಲವು ವಾರ ನಡೆಯುತ್ತದೆ. ನಿಮ್ಮ ದಿನಾಂಕ ಅದರೊಳಗೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇನ್ನೊಂದು ಮಾತು: ಏಪ್ರಿಲ್‌ನ ಸಂಜೆಗಳಲ್ಲಿ ಗುಡುಗಿನೊಡನೆ ಮಳೆ ಹಠಾತ್ತನೆ ಸುರಿಯುತ್ತದೆ. ಬೆಳಿಗ್ಗೆ ಆಕಾಶ ಎಷ್ಟೇ ಶುಭ್ರವಾಗಿದ್ದರೂ ಕೊಡೆ ಚೀಲದಲ್ಲಿರಲಿ. ಮಳೆ ಬಂದರೆ ಅಂಡರ್‌ಪಾಸ್ ಇರುವ ದಾರಿಗಳನ್ನು ಬಿಟ್ಟುಬಿಡಿ.

ಧಾರವಾಡದಿಂದ:
ಎಲ್ಲರಿಗೂ ಧನ್ಯವಾದಗಳು. ಬಾವಲಿಗಳ ಸಂಗತಿ ಹೇಳಿದೊಡನೆ ಚಿಕ್ಕವಳು ನಂದಿಬೆಟ್ಟದ ಪಟ್ಟು ಸಡಿಲಿಸಿದಳು. ತಂದೆಯವರು ಮಾತ್ರ, ಧಾರವಾಡದವರಿಗೆ ಬೆಂಗಳೂರಿನಲ್ಲಿ ಸಂಗೀತ ಕೇಳಿಸುವಿರಾ ಎಂದು ನಗುತ್ತಲೇ ಕಛೇರಿಯ ದಿನಾಂಕ ಕೇಳುತ್ತಿದ್ದಾರೆ.