ಪದಚರ್ಚೆ: ‘ಯೂಸ್ ಆಫ್ಟರ್ ಫ್ರೀ’ಗೆ ಕನ್ನಡ ಬೇಕು, ಅರ್ಜೆಂಟ್

ಎಲ್ಲರಿಗೂ ನಮಸ್ಕಾರ. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ಮೂಲಭಾಗ) ಡ್ರೈವರ್ (ಸಾಧನ ನಡೆಸೋ ಪ್ರೋಗ್ರಾಂ) ಒಂದರ ಸೆಕ್ಯುರಿಟಿ ಸೂಚನೆ ಕನ್ನಡಕ್ಕೆ ತರ್ತಿದೀನಿ, ಸಂಜೆಯೊಳಗೆ ಕೊಡ್ಬೇಕು. ‘ಬಫರ್ ಓವರ್‌ಫ್ಲೋ’ (ಜಾಗ ಮೀರಿ ಡೇಟಾ ತುಂಬೋ ದೋಷ) ಹಾಗೇ ಬಿಟ್ಟಿದೀನಿ, ಬೈಬೇಡಿ. ಸಿಕ್ಕಾಕೊಂಡಿರೋದು ‘ಯೂಸ್ ಆಫ್ಟರ್ ಫ್ರೀ’ ಹತ್ರ. ಮಷೀನ್ ಅನುವಾದ ‘ಉಚಿತದ ನಂತರ ಬಳಸಿ’ ಅಂತು, ಸೋಪಿನ ಜಾಹೀರಾತು ಇದ್ದಂಗಿದೆ. ಸಂದರ್ಭ ಏನಂದ್ರೆ, ಯುಎಸ್‌ಬಿ ಸಾಧನ ಕಿತ್ತ ತಕ್ಷಣ ಡ್ರೈವರು ತನ್ನ ಸ್ಟ್ರಕ್ಟ್ (ಡೇಟಾ ಕಟ್ಟು) ಇದ್ದ ಮೆಮೊರಿನ ಫ್ರೀ ಮಾಡಿಬಿಡುತ್ತೆ, ಅಂದ್ರೆ ಬಿಟ್ಟುಕೊಡುತ್ತೆ, ಆದ್ರೆ ವರ್ಕ್‌ಕ್ಯೂನಲ್ಲಿ (ಆಮೇಲೆ ಓಡಬೇಕಾದ ಕೆಲಸಗಳ ಸಾಲು) ಬಾಕಿ ಇರೋ ಕೆಲಸನ ಕ್ಯಾನ್ಸಲ್ ಮಾಡಿರಲ್ಲ, ಅದು ಆಮೇಲೆ ಓಡಿ ಹಳೇ ಪಾಯಿಂಟರ್ (ಮೆಮೊರಿ ವಿಳಾಸ) ಹಿಡ್ಕೊಂಡು ಅದೇ ಜಾಗ ಮುಟ್ಟುತ್ತೆ, ಅಷ್ಟರಲ್ಲಿ ದಾಳಿಕೋರ ಅಲ್ಲಿ ತನ್ನ ಡೇಟಾ ತುಂಬಿಸಿಟ್ಟಿದ್ರೆ ರೂಟ್ (ಸಿಸ್ಟಮ್ಮಿನ ಪೂರ್ತಿ ಅಧಿಕಾರ) ಅವನ ಕೈಗೆ ಹೋಗ್ಬಹುದು. ‘ವಿಮೋಚನೋತ್ತರ ಬಳಕೆ’ ನಡೆಯುತ್ತಾ?

---

ನಡೆಯಲ್ಲ. ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಪದ ಬೆಸೆದಂಗೆ. ‘ವಿಮೋಚನೋತ್ತರ ಉಪಯೋಗ’ ಅನ್ನಿ. ಮೆಮೊರಿ ಯಾಕೆ, ‘ಸ್ಮೃತಿ’ ಇದೆಯಲ್ಲ.

---

ಸ್ಮೃತಿ ಅಂದ್ರೆ ಓದೋರು ಧರ್ಮಶಾಸ್ತ್ರ ಅನ್ಕೋತಾರೆ ಸ್ವಾಮಿ, ವಿಮೋಚನೆ ಅಂದ್ರೆ ಜೈಲು. ‘ತೆರವು’ ಬಳಸಿ. ಹಳಗನ್ನಡದಲ್ಲಿ ಇದು ಱಕಾರದ ‘ತೆಱೆ’ (ಬಿಚ್ಚು), ತಮಿಳಿನ ‘ತಿಱ’ ಇದರ ಬಳಗದ್ದೇ, ಕಡಲ ತೆರೆ ಬೇರೆ, ಅದು ಸಾದಾ ರಕಾರ, ಱ ಕೈಬಿಟ್ಟ ಮೇಲೆ ಎರಡೂ ಕಲಸಿಹೋಗಿದಾವೆ, ಇದನ್ನ ಎಷ್ಟು ಸಲ ಬರೆದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಕರ್ನಲ್ಲನ್ನೂ ‘ತಿರುಳು’ ಮಾಡಿ.

---

ಕೇಳಿದ್ದು ಸಂಜೆಗೆ, ನೀವು ಹೋಗಿದ್ದು ಹಳಗನ್ನಡಕ್ಕೆ. ಲಿನಕ್ಸಲ್ಲಿ ಇಂಥ ಬಗ್ ಹಿಡಿಯೋ ಕೆಎಸಾನ್ (KASAN) ಅನ್ನೋ ಟೂಲ್ 2015ರಿಂದ ಇದೆ, ಅದರ ರಿಪೋರ್ಟಲ್ಲಿ ಬರೋದು ‘ಯೂಸ್ ಆಫ್ಟರ್ ಫ್ರೀ’ ಅಂತಲೇ. ತಿರುಳು ತೆರವು ಅಂತ ಬರೆದುಕೊಟ್ರೆ ಅಡ್ಮಿನ್ ಲಾಗಲ್ಲಿ ಏನಂತ ಹುಡುಕ್ಬೇಕು? ಕಾಗದ, ಕುರ್ಚಿ, ಅರ್ಜಿ ಎಲ್ಲಾ ಹೊರಗಿಂದ ಬಂದಿದ್ದೇ, ಕನ್ನಡ ಸತ್ತೋಯ್ತಾ?

---

ಕುರ್ಚಿ ಹೆಸರು ವಸ್ತು ಜೊತೆ ಬಂತು. ಬಿಟ್ಟುಕೊಟ್ಟ ಜಾಗಕ್ಕೆ ಮತ್ತೆ ಕೈ ಹಾಕೋದಕ್ಕೂ ಆಮದು ಬೇಕಾ? ಲಾಗ್ ಹುಡುಕೋರಿಗೆ ಲಾಗಿನ ಪದ ಕೊಡಿ, ಓದೋರಿಗೆ ಅರ್ಥ ಆಗೋದು ಕೊಡಿ.

---

ಸರಿ, ‘ಯೂಸ್ ಆಫ್ಟರ್ ಫ್ರೀ, ಅಂದರೆ ತೆರವಾದ ಮೆಮೊರಿಯ ಬಳಕೆ’ ಅಂತ ಹಾಕ್ತೀನಿ. ಮುಂದಿನ ಸಾಲಲ್ಲಿ ‘ಡಬಲ್ ಫ್ರೀ’ ಇದೆ, ಒಂದೇ ಜಾಗನ ಎರಡು ಸಲ ಫ್ರೀ ಮಾಡೋದು. ‘ಮರುತೆರವು’?

---

ಮರು ಅಂದ್ರೆ ಸರಿಯಾಗೇ ಮತ್ತೊಮ್ಮೆ ಮಾಡಿದಂಗೆ, ತಪ್ಪು ಅನ್ನೋದು ಕಾಣಲ್ಲ. ‘ಇಮ್ಮಡಿ ತೆರವು’.

---

ಇಮ್ಮಡಿ ಅಂದ್ರೆ ಪುಲಕೇಶಿ. ‘ಎರಡೆರಡು ಸಲ ತೆರವು’ ಅಂತ ಹಾಕಿ ಕಳಿಸಿ ಮಾರಾಯ್ರೆ, ಸಂಜೆ ಆಯ್ತು.